ಬೋರಿಗೆ ಹಾಲೆರೆದ ಅತ್ತೆ

ಹೆಂಗಸರ ಮೂಢನಂಬಿಕೆಯಿಂದ ನೀರಿನ ಪರೀಕ್ಷೆ ಕೆಟ್ಟಿತೆಂದು ಕಂಪ್ಲಿಯಲ್ಲಿ ಎಲ್ಲರೂ ನಗುತ್ತಾರೆ. ಹಾಗಾದರೆ ಬೋರಿನ ಮುಚ್ಚಳಕ್ಕೆ ಬೀಗ ಹಾಕದೆ ಹೋದವರದು ಯಾವ ನಂಬಿಕೆ?

ಊರಾಚೆಯ ಕಸದ ಗುಡ್ಡೆಯ ಕಪ್ಪು ರಸ ಅಂತರ್ಜಲಕ್ಕೆ ಇಳಿದಿದೆಯೇ ಎಂದು ತಿಳಿಯಲು ನಮ್ಮ ಹೊಲದ ಪಕ್ಕ ಹೊಸ ಬೋರ್ ಕೊರೆಸಿದ್ದರು. ನೀರಿನ ಮಾದರಿ ಒಯ್ಯಲು ಬಂದ ಅಧಿಕಾರಿ ಮುಚ್ಚಳ ತೆಗೆದರೆ ಹುಳಿ ಹಾಲಿನ ವಾಸನೆ!

“ಹೊಸ ಬೋರಿಗೆ ಗಂಗಾಪೂಜೆ ಬ್ಯಾಡೇನ್ರಿ? ಒಂದ್ ಚರಗಿ ಹಾಲು ಹಾಕೀನಿ,” ಎಂದರು ನನ್ನ ಸೋದರತ್ತೆ ಹುಲಿಗೆಮ್ಮ.

“ಅಮ್ಮಾ, ಇದು ಕುಡಿಯೋಕಲ್ಲ, ಟೆಸ್ಟ್ ಮಾಡೋಕೆ!” ಅಧಿಕಾರಿ ಹಣೆ ಚಚ್ಚಿಕೊಂಡು ನಕ್ಕರು. ಬೋರಿನ ನೀರನ್ನೆಲ್ಲ ಪಂಪಿನಿಂದ ಹೊರಹಾಕಿ, ಹೊಸ ನೀರನ್ನು ಬಾಟಲಿಗೆ ತುಂಬಿಸಿ, ಬೀಗ ಜಡಿದರು.

ಅತ್ತೆ ಅವರ ಜೀಪಿಗೆ ಅಡ್ಡ ನಿಂತರು. “ಇದ ನೀರು ನಮ್ ಬಾವ್ಯಾಗೂ ಐತಿ. ಗಂಗಮ್ಮ ನಿಮ್ ಪರೀಕ್ಷಾ ಪಾಸಾಗೂತನ ನಾವೇನ್ ಕುಡೀಬೇಕ್ರಿ, ಸಾಹೇಬ್ರ?”