ಪಾಸ್ ಅನ್ನಬಾರದ ಮಾತು

ಭಾವ "ಪಾಸ್" ಎಂದ ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಸಂಸೆಯ ಹತ್ತಿರ ನಮ್ಮದು ತೋಟ ಒಂದೇ, ಕಾಫಿ ಒಣಗಿಸುವ ಕಣ ಒಂದೇ, ಮನೆ ಮಾತ್ರ ಎರಡು. ನನ್ನ ಗಂಡನಿಗೆ ಇಸ್ಪೀಟೆಲೆ ಕಂಡರಾಗದು. ಹನ್ನೆರಡು ವರ್ಷಗಳ ಹಿಂದೆ ಒಂದು ಭಾನುವಾರ ತೋಟದವರ ಕ್ಲಬ್ಬಿನಲ್ಲಿ, ಇಬ್ಬಿಬ್ಬರು ಜೊತೆಯಾಗಿ ಆಡುವ ಬ್ರಿಜ್ ಎಂಬ ಇಸ್ಪೀಟಾಟಕ್ಕೆ ಭಾವನ ಮೇಜಿನಲ್ಲಿ ನಾಲ್ಕನೆಯವರು ಸಿಗದೆ ನನ್ನನ್ನು ಕೂರಿಸಿದರು. "ಸುಮ್ನೆ ಎಲೆ ಹಿಡ್ಕೊಂಡು ಕೂತ್ಕೋ, ಸಾಕು" ಎಂದರು. ನಾನು ಸುಮ್ಮನೆ ಕೂರಲಿಲ್ಲ. ಕಣದ ಮೂಲೆಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಒಂದು ಜಾಗದಲ್ಲಿ ನಿಂತು, ಮೊಬೈಲಿನಲ್ಲಿ ಆಡಿ ಆಡಿ ಕಲಿತೆ. ಈಗ ಭಾವನಿಗಿಂತ ಚೆನ್ನಾಗಿ ಆಡುತ್ತೇನೆ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೋದ ವರ್ಷ, ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ, ಚಿಕ್ಕಮಗಳೂರಿನಲ್ಲಿ ಕ್ಲಬ್ಬುಗಳ ನಡುವಿನ ಪಂದ್ಯವಿತ್ತು. ನಮ್ಮ ಕ್ಲಬ್ಬಿನಿಂದ ನಾಲ್ವರು ಹೋಗಬೇಕು. ಆ ನಾಲ್ವರಲ್ಲಿ ಅಲ್ಲಿಯವರೆಗೆ ಒಬ್ಬ ಹೆಂಗಸೂ ಇದ್ದದ್ದಿಲ್ಲ. ಹೆಂಗಸರಿಗೆ ತಂಬೋಲ ಇದೆಯಲ್ಲ, ಅದು ಸಾಕು ಎಂದು ಅವರ ಲೆಕ್ಕ. ನನಗೆ ಆ ನಾಲ್ಕು ಕುರ್ಚಿಗಳಲ್ಲಿ ಒಂದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅದಕ್ಕಾಗಿ ಮೂರು ತಿಂಗಳು ಭಾವನ ಎದುರು ಕೂತು ನಮ್ಮ ಬಿಡ್ಡುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟಿದ್ದೆ.

ಬ್ರಿಜ್‌ನಲ್ಲಿ ಜೊತೆಗಾರನ ಎಲೆ ಕಾಣುವುದಿಲ್ಲ. ಯಾವ ಬಣ್ಣ ತುರುಫು, ಎಷ್ಟು ಟ್ರಿಕ್ ಅಂದರೆ ಪಟ್ಟು ಎಳೆಯುತ್ತೇವೆ ಎಂದು ಆಟಕ್ಕೆ ಮೊದಲು ಕೂಗುವ ಬಿಡ್ಡಿನಲ್ಲೇ ಒಬ್ಬರಿಗೊಬ್ಬರು ತಿಳಿಸಬೇಕು. ಸಣ್ಣ ಕೈ, ಅಂದರೆ ಬಲವಿಲ್ಲದ ಎಲೆಗಳು, ಬಂದರೆ ಸುಲಭ, ಸುಮ್ಮನಿದ್ದರಾಯಿತು. ಕಷ್ಟ ಇರುವುದು ದೊಡ್ಡ ಕೈ ಬಂದಾಗ. ಎಷ್ಟು ಎತ್ತರಕ್ಕೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವ ಮೊದಲು ಜೊತೆಗಾರನಿಂದ ಇನ್ನೊಂದು ಮಾತು ಹೊರಡಿಸಬೇಕು. ಅದಕ್ಕೆಂದೇ ಇರುವುದು ಫೋರ್ಸಿಂಗ್ ಬಿಡ್. ಅದನ್ನು ಕೇಳಿದ ಮೇಲೆ ಜೊತೆಗಾರ ಪಾಸ್ ಅನ್ನುವ ಹಾಗಿಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೂ ಮಾತಾಡಲೇಬೇಕು. ಮೂರು ಬಣ್ಣಗಳನ್ನು ಇಬ್ಬರೂ ಸೇರಿ ಹೇಳಿಯಾದ ಮೇಲೆ ನಾಲ್ಕನೆಯದನ್ನು ಹೇಳಿದರೆ, ಅದು ನನ್ನ ಹತ್ತಿರ ಇದೆ ಎಂದಲ್ಲ. ಅದರಲ್ಲಿ ನಿನ್ನ ಹತ್ತಿರ ಏನಾದರೂ ಇದೆಯೇ, ಇನ್ನೊಂದು ಮಾತು ಹೇಳು ಎಂದರ್ಥ.

ಇದು ಭಾವನ ತಲೆಗೆ ಹೋಗಲಿ ಎಂದು ನಾನು ಮಳೆಯ ಉದಾಹರಣೆ ಕೊಟ್ಟಿದ್ದೆ. ನಮ್ಮ ಕಡೆ ಮಾರ್ಚ್ ಬಂತೆಂದರೆ ಎದುರಿಗೆ ಸಿಕ್ಕವರೆಲ್ಲ "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಎಂದೇ ಮಾತು ಶುರುಮಾಡುವುದು. ಸೆಂಟ್ ಎಂದರೆ ಮಳೆಯ ಲೆಕ್ಕ, ಇಂಚಿನ ನೂರರಲ್ಲೊಂದು ಪಾಲು. ಕೇಳುವವರ ತೋಟ ಪಕ್ಕದ್ದೇ ಇರುತ್ತದೆ, ಎಷ್ಟು ಬಂತೆಂದು ಅವರಿಗೂ ಗೊತ್ತಿರುತ್ತದೆ. ಆದರೂ ಉತ್ತರ ಕೊಡದೆ ಮುಂದೆ ಹೋದವರನ್ನು ನಾನು ನೋಡಿಲ್ಲ. "ಅದೂ ಫೋರ್ಸಿಂಗೇ ಭಾವ" ಎಂದಿದ್ದೆ. ಭಾವ ಪೇಪರು ಮಡಿಸುತ್ತಾ "ಹ್ಞೂಂ, ಹ್ಞೂಂ" ಎಂದಿದ್ದರು. ಆ ಮನೆಯಲ್ಲಿ ಹೆಂಗಸರ ಮಾತಿಗೆ ಹ್ಞೂಂ ಎಂದರೆ ಕೇಳಿಸಲಿಲ್ಲ ಎಂದರ್ಥ. ಅದನ್ನು ನಾನು ಮರೆತದ್ದು ನನ್ನ ತಪ್ಪು. ನನ್ನ ತಪ್ಪು ಅಷ್ಟೇ.

ನಾಲ್ವರನ್ನು ಆರಿಸಲು ಕ್ಲಬ್ಬಿನಲ್ಲೇ ನಡೆದ ಆಯ್ಕೆಯ ಆಟದಲ್ಲಿ ಕೊನೆಯ ಕೈ. ನಾವು ಸ್ವಲ್ಪ ಮುಂದಿದ್ದೆವು. ಭಾವ ಒಂದು ಡೈಮಂಡ್ ಎಂದರು. ನನ್ನ ಕೈಯಲ್ಲಿ ಒಟ್ಟು ನಲವತ್ತರಲ್ಲಿ ಹದಿನೆಂಟು ಪಾಯಿಂಟು. ಸ್ಪೇಡಿನ ಎಕ್ಕ, ರಾಜ, ಇನ್ನೆರಡು ಎಕ್ಕಗಳು. ಹಾರ್ಟ್ ಮಾತ್ರ ಎರಡೇ ಎರಡು, ಅವೂ ಕೆಲಸಕ್ಕೆ ಬಾರದವು. ಒಂದು ಸ್ಪೇಡ್ ಎಂದೆ. ಅವರು ಎರಡು ಕ್ಲಬ್ ಎಂದರು. ಇನ್ನು ನನಗೆ ತಿಳಿಯಬೇಕಿದ್ದದ್ದು ಒಂದೇ: ಹಾರ್ಟಿಗೆ ಅವರ ಹತ್ತಿರ ತಡೆ, ಅಂದರೆ ಎದುರಾಳಿಗಳನ್ನು ನಿಲ್ಲಿಸುವ ದೊಡ್ಡ ಎಲೆ, ಇದೆಯೇ? ಎರಡು ಹಾರ್ಟ್ಸ್ ಎಂದೆ.

ಭಾವ ಎಲೆಗಳನ್ನು ನೋಡಿದರು. ನನ್ನನ್ನು ನೋಡಿದರು. "ಪಾಸ್" ಎಂದರು.

ಬಿಡ್ಡು ಅಲ್ಲಿಗೇ ನಿಂತಿತು; ಹಾರ್ಟನ್ನೇ ತುರುಫು ಮಾಡಿ ಎಂಟು ಟ್ರಿಕ್ ಎಳೆಯುವ ಪಾಡು ನನ್ನದಾಯಿತು. ಮೇಜಿನ ಮೇಲೆ ಅವರ ಎಲೆಗಳನ್ನು ಹರಡಿದಾಗ ಹಾರ್ಟಿನ ರಾಜ ಅಲ್ಲೇ ಮಲಗಿದ್ದ. ನಾನು ಕೇಳಿದ್ದೇ ಆ ರಾಜನನ್ನು. ಅವನ ಜೊತೆ ಇನ್ನೆರಡು ಚಿಲ್ಲರೆ ಹಾರ್ಟುಗಳು. ನನ್ನ ಎರಡು, ಅವರ ಮೂರು; ಉಳಿದ ಎಂಟೂ ಎದುರಾಳಿಗಳ ಕೈಯಲ್ಲಿ. ಅಂಥದ್ದರಲ್ಲೂ ಹಲ್ಲು ಕಚ್ಚಿ ಎಂಟು ಟ್ರಿಕ್ ಎಳೆದು ಆಟ ಉಳಿಸಿದೆ. ಇಂಥ ಆಟದಲ್ಲಿ ಎಲ್ಲ ಮೇಜಿಗೂ ಅವೇ ಎಲೆಗಳು; ನಮ್ಮ ಎಲೆಗಳನ್ನೇ ಹಿಡಿದ ಪಕ್ಕದ ಮೇಜಿನವರು ತುರುಫೇ ಇಲ್ಲದ ಮೂರು ನೋ ಟ್ರಂಪ್ಸ್ ಹೇಳಿ ಹನ್ನೊಂದು ಟ್ರಿಕ್ ತೆಗೆದಿದ್ದರು. ನಾವು ಸೋತೆವು.

"ಆಯ್ತಲ್ಲ ಮಾರಾಯ್ತಿ, ನೀನು ಹೇಳಿದ್ದು ಮಾಡ್ದೆಯಲ್ಲ" ಎಂದರು ಭಾವ. "ನೀನು ಹಾರ್ಟ್ ಅಂದಿ. ನಂಗೂ ಮೂರಿತ್ತು. ನಿನ್ನ ಮಾತಿಗೆ ಬೆಲೆ ಕೊಟ್ಟು ಬಿಟ್ಟೆ."

ಬೆಲೆ ಕೊಟ್ಟರಂತೆ. ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಕ್ಲಬ್ಬಿನ ಸೆಕ್ರೆಟರಿ ಬಂದು, ಎರಡೇ ಹಾರ್ಟಿನಲ್ಲಿ ಹಾರ್ಟ್ ಹೇಳಿದ್ದು ಯಾಕೆ ಎಂದು ಕೇಳಿದರು. ನನ್ನನ್ನಲ್ಲ, ಭಾವನನ್ನು. ಭಾವ ನಕ್ಕು, "ಅವ್ಳಿಗೆ ಇನ್ನೂ ಅನುಭವ ಸಾಲ್ದು ಬಿಡಿ" ಎಂದರು. ಕುಣಿಯಲಾರದವರಿಗೆ ನೆಲ ಡೊಂಕು. ನಾನು ಬಾಯಿ ಬಿಡಲಿಲ್ಲ. ಹತ್ತು ಜನರೆದುರು ಭಾವನಿಗೆ ಎದುರು ಮಾತಾಡಿದ ಹೆಂಗಸು ಎಂದು ಕಳಸ ಪೇಟೆಯವರೆಗೆ ಸುದ್ದಿಯಾಗುತ್ತದೆ ಎಂದು ಹೆದರಿದೆ. ಆ ಹೆದರಿಕೆಯ ಮೇಲೆ ನನಗೆ ಭಾವನ ಮೇಲಿದ್ದಷ್ಟೇ ಸಿಟ್ಟಿದೆ.

ಮರುದಿನ ವಾಟ್ಸಾಪಿನಲ್ಲಿ ನಾಲ್ವರ ಪಟ್ಟಿ ಬಂತು. ಭಾವ ಇದ್ದರು. ನನ್ನ ಕುರ್ಚಿಯಲ್ಲಿ ಅವರ ಸ್ನೇಹಿತರೊಬ್ಬರಿದ್ದರು. ಭಾವನಿಗಿಂತ ಕೆಟ್ಟದಾಗಿ ಆಡುವ ಒಬ್ಬರನ್ನು ಹುಡುಕುವುದು ಸುಲಭವಲ್ಲ, ಆದರೂ ಹುಡುಕಿದ್ದರು.

ಪಂದ್ಯಕ್ಕೆ ಎರಡು ದಿನವಿರುವಾಗ ಆ ಸ್ನೇಹಿತರಿಗೆ ಸೊಂಟ ಹಿಡಿದುಕೊಂಡಿತು. ಭಾವ ಬೆಳಗ್ಗೆಯೇ ಕಣಕ್ಕೆ ಬಂದರು. ನಾನು ಕಾಳುಮೆಣಸು ಹರಡುತ್ತಿದ್ದೆ.

"ಶನಿವಾರ ನೀನೇ ಬರ್ಬೇಕಲ್ಲ ಮಾರಾಯ್ತಿ. ಬೇರೆ ಯಾರೂ ಇಲ್ಲ."

"ಬರ್ತೀನಿ ಭಾವ. ಮೊದ್ಲು ಸೆಕ್ರೆಟರಿಗೆ ಫೋನ್ ಮಾಡಿ. ಆವತ್ತು ಪಾಸ್ ಅಂದಿದ್ದು ಯಾರ ತಪ್ಪು ಅಂತ ಹೇಳಿ."

ಭಾವ ಆಕಾಶ ನೋಡಿದರು. "ನಿನ್ನೆ ಕಳಸದಲ್ಲಿ ಅರುವತ್ತು ಸೆಂಟ್ ಬಂತಂತೆ" ಎಂದರು.

"ಇದಕ್ಕೆ ಪಾಸ್ ಇಲ್ಲ ಭಾವ."

ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ದನಿ ಹಾಗೆ ಏರಿತ್ತು. ಕಣದ ಆಚೆ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿದಳು. ಭಾವ ನೆಟ್‌ವರ್ಕ್ ಸಿಗುವ ಮೂಲೆಗೆ ಹೋಗಿ ಫೋನ್ ಮಾಡಿದರು. ಅದು ಇದು ಮಾತಾಡಿ, ಕೊನೆಗೆ ದನಿ ತಗ್ಗಿಸಿ, "ಆವತ್ತಿಂದು... ಅದು ನಮ್ದೇ ತಪ್ಪು" ಎಂದರು.

ನಮ್ಮದು. ನಮ್ಮ ಹಿರಿಯರು ಎಲ್ಲದಕ್ಕೂ ನಮ್ಮದು ಎನ್ನುತ್ತಾರೆ. ಗೌರವ ಬಂದರೆ ಆ ಮಾತಿನಲ್ಲಿ ಅವರೊಬ್ಬರೇ ಇರುತ್ತಾರೆ, ತಪ್ಪು ಬಂದರೆ ನಾನೂ ಸೇರುತ್ತೇನೆ.

ಫೋನ್ ಇಳಿಸಲು ಹೊರಟರು. ನಾನು ಎದುರಿಗೆ ಹೋಗಿ ನಿಂತೆ.

"ನಮ್ದಲ್ಲ ಭಾವ. ಅವ್ರು ಇನ್ನೂ ಲೈನಲ್ಲಿದ್ದಾರೆ."

ಭಾವ ನನ್ನನ್ನು ನೋಡಿದರು. ಆವತ್ತು ಮೇಜಿನಲ್ಲಿ ನೋಡಿದ ಹಾಗೆಯೇ. ಆಮೇಲೆ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, "ನಂದು" ಎಂದರು.