ಕೆಳಮನೆ ತಾತನ ಬೆಟ್ಟ

ಕಳೆದ ಶುಕ್ರವಾರ ದೇವರ ಮುಂದೆ ಹಚ್ಚಿಟ್ಟ ಊದಿನಕಡ್ಡಿ ಅರ್ಧಕ್ಕೇ ಆರಿಹೋಯಿತು. ದೊಡ್ಡ ವಿಷಯವೇನಲ್ಲ. ಇಂಡಿಯನ್ ಅಂಗಡಿಯಲ್ಲಿ ಒಂದು ಕೊಂಡರೆ ಒಂದು ಉಚಿತ ಎಂದು ತಂದ ಪ್ಯಾಕೆಟ್ಟು, ಎಷ್ಟು ತಿಂಗಳು ತೇವ ಕುಡಿದು ಕೂತಿತ್ತೋ ಏನೋ. ಇನ್ನೊಮ್ಮೆ ಕಡ್ಡಿ ಗೀರಿದ್ದರೆ ಮುಗಿಯುತ್ತಿತ್ತು. ಆದರೆ ಆರಿದ ತುದಿಯಿಂದ ಎದ್ದ ಆ ಕೊನೆಯ ಎಳೆ ಹೊಗೆ, ಆ ಸುಟ್ಟ ವಾಸನೆ… ಬೆಂಕಿಪೊಟ್ಟಣ ಕೈಯಲ್ಲೇ ಉಳಿಯಿತು. ಕೆಳಗೆ ಬೇಸ್‌ಮೆಂಟಿನಲ್ಲಿ ಮನೆ ಬಿಸಿಯಾಗಿಡುವ ಫರ್ನೇಸ್ ಒಮ್ಮೆ ಕೆಮ್ಮಿ ಶುರುವಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಈ ಟ್ರಾಯ್ ಊರಿನ ಮನೆಗೆ ಬರುವ ಮೊದಲು ನಾವು ಸೌತ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು, ಎರಡನೇ ಮಹಡಿ. ನನ್ನ ಗಂಡನ ವೀಸಾ ಅವನಿಗೆ ಕೆಲಸ ಮಾಡಲು ಬಿಡುತ್ತಿತ್ತು, ನನ್ನದು ನನಗೆ ಬಿಡುತ್ತಿರಲಿಲ್ಲ. ಮೈಸೂರಿನಲ್ಲಿ ಕಾಲೇಜಿನ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತಿದ್ದವಳು ಇಲ್ಲಿ ಬಂದು ಹಗಲೆಲ್ಲ ಗೋಡೆ ನೋಡುತ್ತಿದ್ದೆ. ಗೋಡೆಗಿಂತ ಹೆಚ್ಚಾಗಿ ನೆಲ. ಏಕೆಂದರೆ ನೆಲದಡಿಯಿಂದ ಒಂದು ಕೆಮ್ಮು ಬರುತ್ತಿತ್ತು. ಒಣ ಕೆಮ್ಮು, ಶುರುವಾದರೆ ಐದು ನಿಮಿಷ ನಿಲ್ಲುತ್ತಿರಲಿಲ್ಲ. ಮನುಷ್ಯನನ್ನು ನೋಡುವ ಮೊದಲೇ ಅವರ ಕೆಮ್ಮು ನನಗೆ ಪರಿಚಯವಾಗಿತ್ತು. ಅಂಚೆಪೆಟ್ಟಿಗೆಯ ಮೇಲೆ ಅವರ ಹೆಸರಿತ್ತು, ಆದರೂ ನಮ್ಮ ಮನೆಯಲ್ಲಿ ಅವರು ಕೊನೆಯವರೆಗೂ ಕೆಳಮನೆ ತಾತ.

ಮಾತು ಬೆಳೆದದ್ದು ವೀಳ್ಯದೆಲೆಯಿಂದ. ಯಾವುದೋ ಹಬ್ಬಕ್ಕೆ ತಂದ ಎಲೆಯ ಕಟ್ಟು ಮೆಟ್ಟಿಲ ಬಳಿ ಚೀಲದಿಂದ ಜಾರಿತು. ಎತ್ತಿಕೊಟ್ಟ ತಾತ ಒಂದೆಲೆಯನ್ನು ಮೂಗಿಗೆ ಹಿಡಿದು, ಇದನ್ನು ಅಗಿಯುತ್ತೀರಾ, ಜೊತೆಗೆ ಸುಣ್ಣ ಹಾಕುತ್ತೀರಾ ಎಂದು ಕೇಳಿದರು. ಸುಣ್ಣದ ಸಂಗತಿ ಇವರಿಗೆ ಹೇಗೆ ಗೊತ್ತು ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. ಬೊಲಿವಿಯಾ ದೇಶದ ಪೊಟೊಸಿ ಅವರ ಊರು. ಅಲ್ಲಿ ಗಣಿಗಿಳಿಯುವವರು ಕೋಕಾ ಎಲೆಯನ್ನು ದವಡೆಗೆ ಒತ್ತಿ, ಬೂದಿಯುಂಡೆ ಸೇರಿಸಿ, ಅದರ ರಸ ನುಂಗುತ್ತ ಹೊಟ್ಟೆಗಿಲ್ಲದೆ ದಿನವಿಡೀ ಕೆಲಸ ಮಾಡುತ್ತಿದ್ದರಂತೆ. ಆ ಎಲೆ ಈ ದೇಶದಲ್ಲಿ ನಿಷಿದ್ಧ. ಅಂದಿನಿಂದ ನಾನು ಅಂಗಡಿಗೆ ಹೋದಾಗಲೆಲ್ಲ ತಾತನಿಗೂ ಒಂದು ಕಟ್ಟು ವೀಳ್ಯದೆಲೆ.

ಅವರ ಊರಿನ ಭೂಗೋಳವನ್ನು ನಾನು ಕಲಿತದ್ದು ಉಪ್ಪಿಟ್ಟಿನ ತಟ್ಟೆಯಲ್ಲಿ. ಬಟ್ಟಲಿಗೆ ಒತ್ತಿ ತಟ್ಟೆಗೆ ಕವುಚಿಕೊಟ್ಟಿದ್ದೆ. ತಾತ ಅದನ್ನು ತಿನ್ನುವ ಬದಲು ಚಮಚದಿಂದ ತೀಡಿ ತೀಡಿ ಮೇಲೆ ಚೂಪು ಮಾಡಿದರು. ಇದು ಸೆರೊ ರಿಕೊ, ಅಂದರೆ ಶ್ರೀಮಂತ ಬೆಟ್ಟ ಎಂದರು. ಬುಡದಲ್ಲಿ ಊರು. ಮರವಿಲ್ಲ, ಬರೀ ಕೆಂಪು ಮಣ್ಣು, ಮೂಳೆ ಕೊರೆಯುವ ಚಳಿ. ಹದಿಮೂರು ಸಾವಿರ ಅಡಿಗಿಂತ ಮೇಲೆ. ಹೊಸಬರು ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ಚಮಚ ತಿರುಗಿಸಿ ಹಿಡಿಯಿಂದ ತೂತು ಕೊರೆಯತೊಡಗಿದರು. ಇಲ್ಲಿ ಸ್ಪೇನಿನವರು ಬಂದರು. ಸುತ್ತಲಿನ ಹಳ್ಳಿಗಳಿಂದ ಸರದಿಯಂತೆ ಜನರನ್ನು ಹಿಡಿದು ತಂದು ಒಳಗೆ ಇಳಿಸಿದರು. ಬೆಳ್ಳಿ ಹೊರಬಂತು, ಊರಿನಲ್ಲೇ ಟಂಕಸಾಲೆ ಎದ್ದಿತು, ನಾಣ್ಯ ಹಡಗು ಹತ್ತಿ ಲೋಕವೆಲ್ಲ ಸುತ್ತಿತು. ಬೆಳ್ಳಿ ತೆಳುವಾದ ಮೇಲೆ ತವರ. ಅಪ್ಪ ಕೊರೆದದ್ದು ಇಲ್ಲಿ, ನಾನೂ ಅಣ್ಣನೂ ಕೊರೆದದ್ದು ಇಲ್ಲಿ… ಒಂದೊಂದು ಮಾತಿಗೆ ಒಂದೊಂದು ತೂತು. ಕೊನೆಗೆ ಉಪ್ಪಿಟ್ಟಿನ ನೆತ್ತಿ ತಾನಾಗಿ ಒಳಕ್ಕೆ ಕುಸಿಯಿತು. ನಿಜವಾದ ಬೆಟ್ಟದ ನೆತ್ತಿಯೂ ಹೀಗೇ ಕುಸಿಯುತ್ತಿದೆಯಂತೆ. ನನಗೆ ನಗು ಬಂದಿತ್ತು, ತಾತನ ಮುಖ ನೋಡಿ ನುಂಗಿಕೊಂಡೆ.

ಅವತ್ತೇ ಅಣ್ಣನ ಕಥೆ ಹೇಳಿದ್ದು. ಅವರ ನಂಬಿಕೆಯಲ್ಲಿ ನೆಲದ ಮೇಲೆ ದೇವರ ಆಳ್ವಿಕೆ, ನೆಲದಡಿ ಇನ್ನೊಬ್ಬನದು. ಕೊಂಬಿದೆ, ಕೋರೆಹಲ್ಲಿದೆ, ಅದಿರಿನ ಒಡೆಯ ಅವನು. ಹೆಸರು ತೀಯೊ, ಅಂದರೆ ಅಂಕಲ್. ಇಲ್ಲಿ ನಾವು ಸಿಕ್ಕಿದ ಹಿರಿಯರನ್ನೆಲ್ಲ ಅಂಕಲ್ ಮಾಡಿಕೊಂಡರೆ ಅವರು ದೆವ್ವವನ್ನೂ ಬಿಟ್ಟಿರಲಿಲ್ಲ. ಗಣಿಯೊಳಗೆ ಅವನ ಮಣ್ಣಿನ ಮೂರ್ತಿ ಇರುತ್ತದೆ. ಮಂಗಳವಾರ, ಶುಕ್ರವಾರ ಅವನ ಬಾಯಿಗೆ ಹೊತ್ತಿಸಿದ ಸಿಗರೇಟು ಇಟ್ಟು, ಎಲೆ ಇಟ್ಟು, ನೆಲಕ್ಕೆ ನಾಲ್ಕು ಹನಿ ಮದ್ಯ ಚೆಲ್ಲಬೇಕು. ಸಿಗರೇಟು ಕೊನೆಯವರೆಗೂ ಉರಿದರೆ ಒಪ್ಪಿಗೆ. ಅವನ ಮುಂದೆ ದೇವರ ಹೆಸರು ಮಾತ್ರ ಎತ್ತುವಂತಿಲ್ಲ. ಒಂದು ಶುಕ್ರವಾರ ಸಿಗರೇಟು ಅರ್ಧಕ್ಕೆ ಆರಿತು. ಅಣ್ಣ ನಕ್ಕು ಒಳಗೆ ಹೋದ, ತಾತ ಹಿಂತಿರುಗಿ ಗಣಿಯ ಬಾಗಿಲಲ್ಲೇ ನಿಂತರು. ಅಣ್ಣ ಹೊರಗೆ ಬರಲಿಲ್ಲ.

ತಾತ ಊರು ಬಿಟ್ಟು, ಇಲ್ಲಿಗೆ ಬಂದು, ಕಾರಿನ ಭಾಗಗಳ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರೂ ತೀಯೊ ಅವರನ್ನು ಬಿಟ್ಟಿರಲಿಲ್ಲ. ಕೋಟು ನೇತುಹಾಕುವ ಕಪಾಟಿನ ಮೂಲೆಯಲ್ಲಿ ಮೊಳದುದ್ದದ ಕೆಂಪು ಮೂರ್ತಿ, ಕಣ್ಣಿಗೆ ಗಾಜಿನ ಗೋಲಿ, ಬಾಯಲ್ಲಿ ಸಿಗರೇಟಿಗೆಂದೇ ತೂತು. ಅಲ್ಲಿ ಕೋಕಾ ಬದಲು ನನ್ನ ವೀಳ್ಯದೆಲೆ ಇತ್ತು. ಸಿಗರೇಟು ಹಚ್ಚುವಾಗ ತಾತ ಹೊಗೆ ತಾಕಿದರೆ ಕೂಗುವ ಸ್ಮೋಕ್ ಅಲಾರ್ಮಿನ ಬ್ಯಾಟರಿ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಂಗಳವಾರ, ಶುಕ್ರವಾರ ನಾನು ಮೇಲೆ ಅಮ್ಮನವರಿಗೆ ದೀಪ ಹಚ್ಚುತ್ತಿದ್ದೆ. ಕೆಳಗೆ ಅದೇ ಹೊತ್ತಿಗೆ ಅವರು. ಇದು ನನಗೆ ತಮಾಷೆಯಾಗಿಯೂ, ಯಾಕೋ ಸಮಾಧಾನವಾಗಿಯೂ ಕಾಣುತ್ತಿತ್ತು.

ಮೂರನೇ ಚಳಿಗಾಲದಲ್ಲಿ ತಾತನ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿತು. ಕಲ್ಲಿನ ಧೂಳು ತುಂಬಿದ ಎದೆ ಬೇರೆ. ಆಪರೇಷನ್ ಮಾಡಿದರೆ ಉಳಿಯಬಹುದು, ಮಾಡುವಾಗಲೇ ಹೋಗಲೂಬಹುದು ಎಂದರು ಡಾಕ್ಟರು. ಷಿಕಾಗೊ ಹತ್ತಿರದ ಲೊಂಬಾರ್ಡಿನಿಂದ ಅವರ ಮಗಳು ಓಡಿ ಬಂದಳು. ಆಸ್ಪತ್ರೆಗೆ ಹೊರಡುವ ಮುಂಚೆ ತಾತ ಬೀಗದ ಕೈಯನ್ನು ಅವಳಿಗಲ್ಲ, ನನಗೆ ಕೊಟ್ಟರು. ಅವಳು ಚರ್ಚಿಗೆ ಹೋಗುವವಳು, ಆ ಕಪಾಟು ತೆರೆಯುತ್ತಿರಲಿಲ್ಲ. ಶುಕ್ರವಾರ ಸಿಗರೇಟು ಹಚ್ಚು, ಅವನು ಪೂರ್ತಿ ಸೇದಿದರೆ ಮಾತ್ರ ನಾನು ಆಪರೇಷನ್ನಿಗೆ ಸಹಿ ಹಾಕುತ್ತೇನೆ ಎಂದರು. ಮಗಳು ಮೆಟ್ಟಿಲ ಬಳಿ ನನ್ನ ಕೈ ಹಿಡಿದುಕೊಂಡಳು. ಏನಾದರೂ ಆಗಲಿ, ಪೂರ್ತಿ ಎಂದೇ ಹೇಳಿಬಿಡಿ ಎಂದಳು.

ಶುಕ್ರವಾರದ ಹೊತ್ತಿಗೆ ಅಪಾರ್ಟ್‌ಮೆಂಟಿನವರು ಬಂದು ಎಲ್ಲ ಮನೆಗಳ ಅಲಾರ್ಮ್ ಬದಲಾಯಿಸಿ ಹೋಗಿದ್ದರು. ಹೊಸದರ ಬ್ಯಾಟರಿ ಕಳಚುವುದು ನನಗೆ ತಿಳಿಯಲಿಲ್ಲ.

“ಸಿಗರೇಟ್‌ಗೀಗರೇಟ್ ಬೇಡ ಕಣೇ,” ಎಂದ ನನ್ನ ಗಂಡ. “ಅಲಾರ್ಮ್ ಹೊಡ್ಕೊಂಡ್ರೆ ಫೈರ್ ಎಂಜಿನ್ನೇ ಬರುತ್ತೆ. ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀವಿ, ಯಾಕೆ ಬೇಕು ರಿಸ್ಕು?”

ತಪ್ಪು ಅವನ ಮೇಲೆ ಹಾಕುವುದಿಲ್ಲ. ಸಿಗರೇಟು ಮುಟ್ಟುವುದಕ್ಕೇ ನನಗೆ ಅಸಹ್ಯವಾಗಿತ್ತು, ಅದೂ ಶುಕ್ರವಾರ, ತಲೆಗೆ ನೀರು ಹಾಕಿಕೊಂಡು ಮಡಿಯಲ್ಲಿದ್ದಾಗ. ಎಲೆಗೆ ಬದಲು ಎಲೆ ನಡೆಯುತ್ತದೆ ಎಂದರೆ ಹೊಗೆಗೆ ಬದಲು ಹೊಗೆ ಯಾಕೆ ನಡೆಯಬಾರದು? ಮೈಸೂರಿನಿಂದ ತಂದ ಒಳ್ಳೆಯ ಊದಿನಕಡ್ಡಿಯನ್ನೇ ತೀಯೊನ ಬಾಯಿಗೆ ಸಿಕ್ಕಿಸಿದೆ. ಒಂದು ಕಡ್ಡಿಗೆ ಅಲಾರ್ಮ್ ಕೂಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಹಚ್ಚಿದ ಮೇಲೆ ಕೈ ತಾನಾಗಿ ಮುಗಿದುಕೊಂಡಿತು, ಬಾಯಿ ತಾನಾಗಿ “ದೇವರೇ, ತಾತನ್ನ ಕಾಪಾಡಪ್ಪಾ” ಎಂದಿತು. ಎಂದ ಮೇಲೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡೆ. ಗೋಲಿಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಕಡ್ಡಿ ಅರ್ಧಕ್ಕೆ ಬಂದು ನಿಂತಿತು. ಗಾಳಿಯಿರಲಿಲ್ಲ, ಕಪಾಟಿನ ಬಾಗಿಲು ಬಿಟ್ಟರೆ ಬೇರೆ ಬಾಗಿಲು ತೆರೆದಿರಲಿಲ್ಲ. ಕೆಂಪು ತುದಿ ಕಪ್ಪಾಯಿತು, ಒಂದೆಳೆ ಹೊಗೆ ಎದ್ದಿತು… ಅಷ್ಟರಲ್ಲಿ ಆಸ್ಪತ್ರೆಯಿಂದ ತಾತನ ಫೋನು.

“ಕೊನೇವರೆಗೂ ಸೇದಿದನಾ ಮಗಳೇ?”

ಎರಡೇ ಉತ್ತರ ಇದ್ದವು. ಆಪರೇಷನ್ ಆಗದಿದ್ದರೆ ಆ ಗಡ್ಡೆ ಬಿಡುವುದಿಲ್ಲ ಎಂದು ಓದಿದ ತಲೆ ಹೇಳುತ್ತಿತ್ತು. ತಾತನ ಅಣ್ಣ ನಕ್ಕು ಒಳಗೆ ಹೋದ ಎಂದು ಇನ್ನೊಂದು ದನಿ ಹೇಳುತ್ತಿತ್ತು.

“ಹೂಂ ತಾತ, ಪೂರ್ತಿ,” ಎಂದೆ.

ಆ ಕಡೆ ದೊಡ್ಡ ಉಸಿರು ಬಿಟ್ಟದ್ದು ಕೇಳಿಸಿತು. ಕೆಮ್ಮಿರಲಿಲ್ಲ. ಹಾಗಾದರೆ ಸರಿ ಎಂದರು. ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು.

ಸೋಮವಾರ ಆಪರೇಷನ್ ಆಯಿತು. ತಾತ ಎಚ್ಚರಗೊಳ್ಳಲಿಲ್ಲ.

ಮನೆ ಖಾಲಿ ಮಾಡಲು ಬಂದ ಮಗಳು ನನ್ನನ್ನು ಅಪ್ಪಿಕೊಂಡು ಅತ್ತಳು. ನಿಮ್ಮಿಂದಲೇ ಅಪ್ಪ ಧೈರ್ಯವಾಗಿ ಹೋದರು, ನೀವು ಪೂರ್ತಿ ಎಂದ ಮೇಲೆ ಅವರ ಮುಖದಲ್ಲಿ ಭಯವೇ ಇರಲಿಲ್ಲ ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಸುಳ್ಳು ಹೇಳಿದೆ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹೋಗುವಾಗ ಮೂರ್ತಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ದಯವಿಟ್ಟು ನೀವೇ ಇಟ್ಟುಕೊಳ್ಳಿ, ನನಗೆ ಭಯ ಎಂದು ಕೊಟ್ಟುಹೋದಳು. ಆಮೇಲೆ ಕೆಳಗಿನ ಮನೆ ಎರಡು ತಿಂಗಳು ಖಾಲಿಯಿತ್ತು. ಆ ಎರಡು ತಿಂಗಳೂ ನನಗೆ ನೆಲದಡಿಯಿಂದ ಕೆಮ್ಮು ಕೇಳಿಸುತ್ತಿತ್ತು. ಗಂಡನಿಗೆ ಹೇಳಿದರೆ ಹೀಟರ್ ಪೈಪು ಎಂದ. ಇರಬಹುದು…

ಈ ಮನೆಗೆ ಬಂದ ಮೇಲೂ ಆ ಸುತ್ತಿದ ಗಂಟು ಬೇಸ್‌ಮೆಂಟಿನಲ್ಲಿ ಫರ್ನೇಸಿನ ಪಕ್ಕ ಇದೆ. ನನ್ನ ಮಗಳು ಚಿಕ್ಕವಳಿದ್ದಾಗ “ಅಮ್ಮಾ, ವಾಟ್ಸ್ ಇನ್ ದೇರ್?” ಎಂದು ಕೇಳಿದರೆ ಹಳೇ ಪಾತ್ರೆ ಎಂದಿದ್ದೆ. ಅದು ಎರಡನೇ ಸುಳ್ಳು.

ಕಳೆದ ಶುಕ್ರವಾರ ನೆಲದಿಂದ ಎದ್ದು ಕಾರು ತೆಗೆದೆ. ಮಟಮಟ ಮಧ್ಯಾಹ್ನ. ಹೆದ್ದಾರಿ ಎಕ್ಸಿಟ್ ಹತ್ತಿರದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಜೀವನದಲ್ಲಿ ಮೊದಲ ಸಲ ಸಿಗರೇಟು ಕೇಳಿದೆ. ಯಾವುದು ಬೇಕು ಎಂದ ಹುಡುಗಿಗೆ ಯಾವುದಾದರೂ ಕೊಡಮ್ಮ ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಮನೆಗೆ ಬಂದು ಬೇಸ್‌ಮೆಂಟಿನ ಅಲಾರ್ಮಿನ ಬ್ಯಾಟರಿ ಕಳಚಿ, ತಾತನ ಹಾಗೆ ಜೇಬಿಗೆ ಹಾಕಿಕೊಂಡೆ. ಗಂಟು ಬಿಚ್ಚಿದೆ. ಬಾಯಿಯ ತೂತಿನಲ್ಲಿ ಆ ಅರ್ಧ ಊದಿನಕಡ್ಡಿ ಇನ್ನೂ ಹಾಗೇ ಇತ್ತು, ತೆಗೆದವರೇ ಇಲ್ಲ.

ಅದನ್ನು ಕಿತ್ತು ಸಿಗರೇಟು ಇಟ್ಟು ಹಚ್ಚಿದೆ. ಕೈ ಮುಗಿಯಲಿಲ್ಲ, ದೇವರ ಹೆಸರೆತ್ತಲಿಲ್ಲ. ಅವತ್ತು ನೀನು ಅರ್ಧಕ್ಕೇ ಬಿಟ್ಟೆ, ನಾನು ಪೂರ್ತಿ ಎಂದೆ ಎಂದಷ್ಟೇ ಹೇಳಿದೆ. ಹೇಳಿ ಅಲ್ಲೇ ಕೂತು ನೋಡಿದೆ. ಬೂದಿ ಉದ್ದವಾಗಿ ಬಾಗಿ ಬಿತ್ತು, ಮತ್ತೆ ಉದ್ದವಾಯಿತು. ಈ ಸಲ ಅದು ಕೊನೆಯವರೆಗೂ ಉರಿಯಿತು.

ನನಗೇ ಗೊತ್ತಿಲ್ಲದಂತೆ ಫೋನು ಕೈಗೆತ್ತಿಕೊಂಡಿದ್ದೆ. ಯಾರಿಗೆ ಹೇಳಲಿ?