ಉಡಿಕೆಯಾದವಳ ಎರಡು ಅರ್ಜಿ

ಮದುವೆಗೆ ಸರ್ಕಾರದ ಮುದ್ರೆ ಯಾಕೆ ಬೇಕು ಎಂದು ನಾನು ವಾದಿಸುತ್ತಿದ್ದ ಕಾಲವೊಂದಿತ್ತು. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಹೊಸತು. ಬಾಯಿ ತುಸು ಹೆಚ್ಚೇ ಓಡುತ್ತಿತ್ತು. ನಮ್ಮದು ಮನೆಯಲ್ಲಿ ಬುದ್ಧನ ಮೂರ್ತಿಯ ಮುಂದೆ ಇಬ್ಬರೂ ಮಾತು ಕೊಟ್ಟು ಆದ ಮದುವೆ. ಪುರೋಹಿತನನ್ನೇ ಬಿಟ್ಟವರು ರಿಜಿಸ್ಟ್ರಾರನ ಮುಂದೆ ಯಾಕೆ ಕೈಕಟ್ಟಿ ನಿಲ್ಲಬೇಕು? ಸ್ಟಾಫ್ ರೂಮಿನಲ್ಲಿ ಇದಕ್ಕೆ ಯಾರೂ ಉತ್ತರ ಕೊಡುತ್ತಿರಲಿಲ್ಲ. ಚಹಾ ಆರುತ್ತದೆಂದು ಎದ್ದು ಹೋಗುತ್ತಿದ್ದರು.

ಆ ವಾದಕ್ಕೆ ಬೆಲೆ ತೆತ್ತವನು ನಾನಲ್ಲ, ಪಾಮನಕಲ್ಲೂರಿನ ನನ್ನ ಚಿಗವ್ವ, ಅವ್ವನ ತಂಗಿ.

ಮದುವೆಯಾದ ಎರಡನೇ ವರ್ಷವೇ ಅವಳ ಗಂಡ ತೀರಿಕೊಂಡಿದ್ದ. ವಿಧವಾ ವೇತನಕ್ಕೆ ಅರ್ಜಿ ಬರೆದುಕೊಟ್ಟವನು ನಾನೇ. ಮುಂದೆ ತುರ್ವಿಹಾಳದ ಕಡೆ ಕಾಲುವೆ ನೀರು ಬಿಡುವ ಸರ್ಕಾರಿ ನೌಕರನೊಬ್ಬನ ಜೊತೆ ಅವಳ ಉಡಿಕೆಯಾಯಿತು. ಅವನೂ ಹೆಂಡತಿಯನ್ನು ಕಳೆದುಕೊಂಡವನೇ. ಉಡಿಕೆಯೆಂದರೆ ವಿಧವೆಯ ಮರುಮದುವೆ: ಚಪ್ಪರವಿಲ್ಲ, ಅಕ್ಕಿಕಾಳಿಲ್ಲ, ಬಾಜಾಬಜಂತ್ರಿಯಿಲ್ಲ. ದೈವ, ಅಂದರೆ ಊರ ಹಿರಿಯರು, ಐದು ಜನ ಕೂತರು. ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ಎಲೆ ಅಡಿಕೆ ಹಂಚಿದರು. ಮುತ್ತೈದೆಯರು ಅತ್ತ ಸುಳಿಯಲಿಲ್ಲ, ಅದೂ ಪದ್ಧತಿಯೇ.

ಎಲ್ಲ ಮುಗಿದ ಮೇಲೆ ಚಿಗವ್ವ ನನ್ನನ್ನು ಬದಿಗೆ ಕರೆದಳು.

"ನೀ ಓದಿದಾಂವ. ಸಿಂಧನೂರಿಗೆ ಹೋಗಿ ಕಾಗದ ಮಾಡಿಸಬೇಕೇನು? ಆ ವಿಧವಾ ಪಗಾರ ಬಿಡಬೇಕೇನು?"

"ದೈವ ಒಪ್ಪೈತಿ. ನಡುವ ಸರ್ಕಾರದ್ದೇನು ಕೆಲಸ? ಸುಮ್ಕಿರು," ಎಂದೆ.

ನನ್ನ ಮಾತನ್ನು ದಾಟುವವಳಲ್ಲ ಅವಳು. ಹದಿನೆಂಟು ವರ್ಷ ತುರ್ವಿಹಾಳದಲ್ಲಿ ಮುತ್ತೈದೆಯಾಗಿ ಬಾಳಿದಳು, ಸರ್ಕಾರದ ಕಡತದಲ್ಲಿ ವಿಧವೆಯಾಗಿ. ಆಧಾರ್, ರೇಷನ್ ಕಾರ್ಡು, ಎಲ್ಲದರಲ್ಲೂ ಮೊದಲ ಗಂಡನ ಹೆಸರೇ. ಈ ನಡುವೆ ನನ್ನ ಸರ್ವಿಸ್ ಪುಸ್ತಕಕ್ಕೆ ಬೇಕೆಂದು ನಮ್ಮ ಮದುವೆಯನ್ನು ಸದ್ದಿಲ್ಲದೆ ನೋಂದಾಯಿಸಿಕೊಂಡು ಬಂದೆ. ಆ ದಿನ ಚಿಗವ್ವ ನೆನಪಾಗಲಿಲ್ಲ.

ಹೋದ ವರ್ಷ ಅವಳ ಎರಡನೇ ಗಂಡ ಎದೆನೋವಿನಿಂದ ಹೋದ. ಕುಟುಂಬ ಪಿಂಚಣಿ ಕೇಳಲು ಚಿಗವ್ವನನ್ನು ಆತನ ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ. ಆಧಾರ್ ನೋಡಿದ, ಕಂಪ್ಯೂಟರ್ ನೋಡಿದ, ಕೊನೆಗೆ ಚಿಗವ್ವನನ್ನು ನೋಡಿದ.

"ಅಮ್ಮಾ, ನೀವು ಮೊದ್ಲೇ ವಿಧವಾ ಅದೀರಲ್ಲರೀ. ಇನ್ನೊಮ್ಮೆ ಹೆಂಗ ವಿಧವಾ ಆಗ್ತೀರಿ?"

ಕುಹಕವಿರಲಿಲ್ಲ, ನಿಜಕ್ಕೂ ಅವನಿಗೆ ತಿಳಿದಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ದೈವದವರನ್ನೇ ಕರೆತರುತ್ತೇನೆ ಎಂದೆ. ಐವರಲ್ಲಿ ಮೂವರು ಮಣ್ಣಾಗಿದ್ದರು. ಉಳಿದಿಬ್ಬರ ಹೇಳಿಕೆ ತನ್ನಿ, ಆದರೆ ಪಿಂಚಣಿ ಪಕ್ಕಾ ಎನ್ನಲಾಗದು ಎಂದ ಗುಮಾಸ್ತ. ಅದಕ್ಕೂ ಮೊದಲು ವಿಧವಾ ವೇತನ ನಿಲ್ಲಿಸುವಂತೆ ತಹಶೀಲ್ ಕಚೇರಿಗೆ ಬರೆದುಕೊಡಬೇಕಿತ್ತು. ಪಿಂಚಣಿ ಬಾರದಿದ್ದರೆ ಇದ್ದದ್ದೂ ಹೋದಂತೆ.

ಹೊರಗೆ ಬೇವಿನ ಮರದ ಕೆಳಗೆ ಅವಳಿಗೆ ಇದನ್ನೆಲ್ಲ ತಿಳಿಸಿ ಹೇಳಿದೆ. ಕೈಯಲ್ಲಿರುವುದನ್ನು ಬಿಡಬೇಡ, ಸುಮ್ಕಿರು ಎಂದೆ. ಎರಡನೇ ಸಲವೂ ಅದೇ ಮಾತು ನನ್ನ ಬಾಯಿಂದ ಬಂತು.

"ಹದಿನೆಂಟು ವರ್ಷ ಸುಮ್ಕಿದ್ದೆ," ಎಂದಳು. "ಯಾರರ ಕೇಳಿದ್ರ 'ಇಕಿ ನನ್ನ ಹೇಂತಿ' ಅಂತ ಆತನೇ ಹೇಳ್ತಿದ್ದ. ಈಗ ಹೇಳಾಕ ಆತ ಇಲ್ಲ. ರೊಕ್ಕ ಬರಲಿ ಬಿಡಲಿ, ಎಲ್ಲ್ಯಾರ ಒಂದು ಕಡೆ ಅದನ್ನ ಬರಿ."

ನನಗೆ ನಾಚಿಕೆಯಾಯಿತು. ಸ್ಟಾಫ್ ರೂಮಿನಲ್ಲಿ ಸಿಗದ ಉತ್ತರ ಇದೇ ಇರಬೇಕು.

ಉಳಿದ ಇಬ್ಬರು ಹಿರಿಯರ ಹೇಳಿಕೆ ಬರೆಸಿಕೊಂಡು, ಎರಡು ಅರ್ಜಿ ಬರೆದೆ. ವಿಧವಾ ವೇತನ ಬೇಡವೆನ್ನುವುದನ್ನು ಸಿಂಧನೂರಿನ ತಹಶೀಲ್ ಕಚೇರಿಯವರು ಕಣ್ಣೆತ್ತಿಯೂ ನೋಡದೆ ಠಸ್ಸೆ ಹೊಡೆದು ತೆಗೆದುಕೊಂಡರು. ಪಿಂಚಣಿಯದನ್ನು ಗುಮಾಸ್ತ ಎರಡು ಸಲ ಓದಿದ. 'ಮೃತರೊಂದಿಗಿನ ಸಂಬಂಧ' ಎಂಬಲ್ಲಿ ನಾನು 'ಹೆಂಡತಿ' ಎಂದು ಬರೆದಿದ್ದೆ. ಅಸಲು ಪ್ರತಿಯಲ್ಲೂ ನಮ್ಮ ನಕಲಿನಲ್ಲೂ ಆ ಪದದ ಪಕ್ಕ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ, ನಕಲು ವಾಪಸು ಕೊಟ್ಟ.

ಬಸ್ ನಿಲ್ದಾಣದಲ್ಲಿ ಚಿಗವ್ವ ಕಾಗದ ಕೇಳಿದಳು. ಅವಳಿಗೆ ಓದು ಬಾರದು.

"ಎಲ್ಲಿ ಬರದಿ?"

ತೋರಿಸಿದೆ. ಬೆರಳಿಟ್ಟು ಸವರಿದಳು. ಬೆರಳು ಪಕ್ಕದ ಗುರುತಿನ ಮೇಲೆ ನಿಂತಿತು.

"ಇದೇನು?"

"ಸಾಹೇಬರ ಸಹಿ," ಎಂದೆ.